ಅರವತ್ತು ಇಮೇಲ್ ಕಳಿಸಿದರೂ ಪೋಸ್ಟ್‌ಡಾಕ್ ಸಿಗುತ್ತಿಲ್ಲ, ಎಲ್ಲಿ ಎಡವುತ್ತಿದ್ದೇನೆ?

ಪ್ರಶ್ನೆ: ರಚನಾ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇನ್ನು ಎಂಟು ತಿಂಗಳಲ್ಲಿ ಮಹಾಪ್ರಬಂಧ ಸಲ್ಲಿಸಬೇಕು. ಜೀವಕೋಶದ ಪೊರೆಯಲ್ಲಿರುವ ಸಾಗಣೆ ಪ್ರೋಟೀನುಗಳ ರಚನೆಯನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಪತ್ತೆಹಚ್ಚುವುದು ನನ್ನ ಕೆಲಸ. ಮೊದಲ ಲೇಖಕಿಯಾಗಿ ಒಂದು ಪೇಪರ್ ಪ್ರಕಟವಾಗಿದೆ, ಇನ್ನೊಂದು ಪರಿಶೀಲನೆಯಲ್ಲಿದೆ. ಪೋಸ್ಟ್‌ಡಾಕ್ ಹುದ್ದೆಗಾಗಿ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಬೇರೆ ಬೇರೆ ದೇಶಗಳ ಅರವತ್ತಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಇಮೇಲ್ ಬರೆದೆ. ಇಬ್ಬರು ಮಾತ್ರ ಉತ್ತರಿಸಿದರು, ಇಬ್ಬರೂ ‘ಸದ್ಯಕ್ಕೆ ಜಾಗವಿಲ್ಲ’ ಎಂದರು. ನನ್ನ ಗೈಡ್ ಅಷ್ಟೇನೂ ಹೆಸರುವಾಸಿಯಲ್ಲ. ಹುದ್ದೆಗಳನ್ನು ಎಲ್ಲಿ ಹುಡುಕಬೇಕು? ಇಮೇಲ್ ಹೇಗೆ ಬರೆಯಬೇಕು? ಫೆಲೋಶಿಪ್‌ಗೆ ಕಾಯುವುದು ಲೇಸೇ? ಒಂದೇ ವರ್ಷದ ಹುದ್ದೆ ಸಿಕ್ಕರೆ ಒಪ್ಪಿಕೊಳ್ಳಬಹುದೇ? ನಾನು ಕಳಿಸಿದ ಇಮೇಲಿನ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಉತ್ತರ: ಇಮೇಲಿನ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರುಮಾಡೋಣ. ನಿಮ್ಮ ಮೊದಲ ಎರಡು ವಾಕ್ಯ ಹೀಗಿವೆ: ‘ಗೌರವಾನ್ವಿತ ಪ್ರಾಧ್ಯಾಪಕರೇ, ತಮ್ಮ ಅತ್ಯುನ್ನತ ಸಂಶೋಧನೆಯಿಂದ ನಾನು ಬಹಳ ಪ್ರಭಾವಿತಳಾಗಿದ್ದೇನೆ. ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಹುದ್ದೆ ಖಾಲಿಯಿದ್ದರೆ ದಯವಿಟ್ಟು ನನ್ನನ್ನು ಪರಿಗಣಿಸಬೇಕು.’ ವ್ಯಾಕರಣದಲ್ಲಿ ತಪ್ಪಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಈ ಎರಡು ವಾಕ್ಯಗಳನ್ನು ಹೀಗೇ ಎತ್ತಿ ಒಬ್ಬ ಖಗೋಳವಿಜ್ಞಾನಿಗೆ ಕಳಿಸಿದರೂ ನಡೆಯುತ್ತದೆ, ಕೀಟತಜ್ಞೆಗೆ ಕಳಿಸಿದರೂ ನಡೆಯುತ್ತದೆ. ಯಾರಿಗೆ ಬೇಕಾದರೂ ಸಲ್ಲುವ ಪತ್ರ ತನಗೆ ಬಂದದ್ದಲ್ಲ ಎಂದು ಓದುವವರು ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಒಂದು ಸಂಶೋಧನಾ ಗುಂಪಿನ ಮುಖ್ಯಸ್ಥರಿಗೆ ಇಂಥ ಪತ್ರಗಳು ಪ್ರತಿದಿನ ಬರುತ್ತವೆ. ಈಗಂತೂ ಯಂತ್ರವೇ ಬರೆದುಕೊಡುವುದರಿಂದ ಎಲ್ಲ ಪತ್ರಗಳ ದನಿಯೂ ಒಂದೇ ಆಗಿದೆ. ಅರವತ್ತರಲ್ಲಿ ಇಬ್ಬರು ಉತ್ತರಿಸಿದರು ಎಂದರೆ, ನನ್ನ ಕೇಳಿದರೆ, ಆ ಇಬ್ಬರು ದೊಡ್ಡ ಮನಸ್ಸಿನವರು.

ಹಾಗೆಂದು ಇಮೇಲಿನ ಭಾಷೆಯನ್ನಷ್ಟೇ ತಿದ್ದಿಕೊಂಡರೆ ಸಾಲದು. ನಿಮ್ಮ ಹುಡುಕಾಟದ ಕ್ರಮವೇ ತಲೆಕೆಳಗಾಗಿದೆ. ಹುದ್ದೆ ಎಂಬುದು ಎಲ್ಲೋ ಖಾಲಿಯಾಗಿ ಕುಳಿತಿದೆ, ಅದು ಎಲ್ಲಿದೆ ಎಂದು ಗೊತ್ತಾದರೆ ಸಾಕು ಎಂದುಕೊಂಡಿದ್ದೀರಿ. ಅಧ್ಯಾಪಕ ಹುದ್ದೆಯ ಮಟ್ಟಿಗೆ ಅದು ನಿಜ. ಪೋಸ್ಟ್‌ಡಾಕ್ ವಿಷಯದಲ್ಲಿ, ಅದರಲ್ಲೂ ಜೀವವಿಜ್ಞಾನ ಮತ್ತು ರಸಾಯನವಿಜ್ಞಾನದಲ್ಲಿ, ನಡೆಯುವುದೇ ಬೇರೆ. ಒಬ್ಬರ ಕೈಗೆ ಹಣ ಬರುತ್ತದೆ, ಅವರ ತಲೆಯಲ್ಲಿ ಬಿಡಿಸಲಾಗದ ಒಂದು ಸಮಸ್ಯೆ ಇರುತ್ತದೆ, ಅದನ್ನು ಬಿಡಿಸಬಲ್ಲ ಕೈ ಯಾರದೆಂದು ಅವರು ಪರಿಚಯದವರಲ್ಲಿ ವಿಚಾರಿಸುತ್ತಾರೆ. ಎಷ್ಟೋ ಸಲ ಜಾಹೀರಾತು ಹೊರಬೀಳುವ ಹೊತ್ತಿಗೆ ಒಂದೆರಡು ಹೆಸರುಗಳು ಅವರ ಮನಸ್ಸಿನಲ್ಲಿ ಕೂತಾಗಿರುತ್ತದೆ. ಸಂಸ್ಥೆಯ ನಿಯಮಕ್ಕೆ ಬೇಕೆಂದು ಜಾಹೀರಾತು ಹಾಕಿರುತ್ತಾರೆ, ಅಷ್ಟೆ. ಆದ್ದರಿಂದ ನೀವು ಜಾಹೀರಾತಿಗಿಂತ ಮೊದಲು ಹಣದ ಜಾಡು ಹಿಡಿಯಬೇಕು.

ಈ ಜಾಡು ಗುಟ್ಟಿನದ್ದೇನಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆಯ ವಿವರಗಳನ್ನು ಹಲವು ದೇಶಗಳು ಎಲ್ಲರೂ ನೋಡುವಂತೆ ಇಟ್ಟಿವೆ. ಐರೋಪ್ಯ ಒಕ್ಕೂಟದ್ದು ಕಾರ್ಡಿಸ್, ಅಮೆರಿಕದ ಆರೋಗ್ಯ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ರಿಪೋರ್ಟರ್, ಉಳಿದ ವಿಜ್ಞಾನಗಳಿಗೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಅನುದಾನ ಪಟ್ಟಿ, ಬ್ರಿಟನ್ನಿನದು ಗೇಟ್‌ವೇ ಟು ರಿಸರ್ಚ್, ಜರ್ಮನಿಯ ಅನುದಾನ ಸಂಸ್ಥೆ ಡಿಎಫ್‌ಜಿಯದು ಗೆಪ್ರಿಸ್, ಜಪಾನಿನದು ಕಾಕೆನ್. ಹಣ ಕೊಡಬೇಕಿಲ್ಲ. ಪಿಎಚ್‌ಡಿ ಮುಗಿಸಿದವರಲ್ಲೂ ಬಹಳಷ್ಟು ಮಂದಿ ಈ ಪುಟಗಳನ್ನು ಒಮ್ಮೆಯೂ ತೆರೆದಿರುವುದಿಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ.

ತೆರೆದು ಏನು ನೋಡಬೇಕು? ನಿಮ್ಮ ವಿಷಯದ ಪದ ಹಾಕಿ: ಪೊರೆಯ ಸಾಗಣೆ ಪ್ರೋಟೀನು, ಕ್ರಯೋ ಇಎಂ (ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ), ಹೀಗೆ. ಬಂದ ಪಟ್ಟಿಯನ್ನು ಯೋಜನೆ ಶುರುವಾದ ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಪ್ರತಿ ಯೋಜನೆಯಲ್ಲೂ ಮೂರು ಕಡೆ ಕಣ್ಣು ಹಾಯಿಸಿ. ಮೊದಲನೆಯದು ಆರಂಭದ ಮತ್ತು ಮುಕ್ತಾಯದ ದಿನಾಂಕ. ಐರೋಪ್ಯ ಸಂಶೋಧನಾ ಮಂಡಳಿಯ ಬಹುತೇಕ ಅನುದಾನಗಳೂ ಎನ್‌ಐಎಚ್‌ನ ಆರ್01 ಎಂಬ ಮುಖ್ಯ ಸಂಶೋಧನಾ ಅನುದಾನವೂ 5 ವರ್ಷದವರೆಗೆ ನಡೆಯುವಂಥವು. ಐದರಲ್ಲಿ ನಾಲ್ಕು ವರ್ಷ ಕಳೆದಿದ್ದರೆ ಅಲ್ಲಿ ಹೊಸಬರಿಗೆ ಹಣ ಉಳಿದಿರುವುದು ಕಷ್ಟ. ನಿಮಗೆ ‘ಜಾಗವಿಲ್ಲ’ ಎಂದವರ ಯೋಜನೆ ಯಾವ ಹಂತದಲ್ಲಿತ್ತು ಎಂದು ಈಗ ಹೋಗಿ ನೋಡಿ, ಬಹುಶಃ ಕಾರಣ ಅಲ್ಲೇ ಸಿಗುತ್ತದೆ. ಇನ್ನು ಆರು ತಿಂಗಳಲ್ಲಿ ಶುರುವಾಗುವ ಅಥವಾ ಈಗಷ್ಟೇ ಶುರುವಾದ ಯೋಜನೆಯಾದರೆ ಅಲ್ಲಿ ಜನ ಬೇಕೇ ಬೇಕು. ಎರಡನೆಯದು ಸಾರಾಂಶ. ಅದು ಪ್ರಕಟವಾದ ಪೇಪರಿನಂತಲ್ಲ. ಇನ್ನೂ ಮಾಡದ ಕೆಲಸವನ್ನು ಹೇಳುತ್ತದೆ. ಅವರ ಬಳಿ ಯಾವ ಕೌಶಲ ಇಲ್ಲ ಎಂಬುದು ಸಾಲುಗಳ ನಡುವೆ ಕಾಣುತ್ತದೆ. ಮೂರನೆಯದು ಮುಖ್ಯಸ್ಥರ ಹೆಸರು, ಅವರ ಗುಂಪಿನ ಪುಟ. ಪುಟದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೇ ತುಂಬಿದ್ದು ಪೋಸ್ಟ್‌ಡಾಕ್ ಒಬ್ಬರೂ ಇಲ್ಲದಿದ್ದರೆ, ಮೇಲಾಗಿ ಹೊಸ ಅನುದಾನವೂ ಬಂದಿದ್ದರೆ, ಆ ಹೆಸರನ್ನು ಪಟ್ಟಿಯ ತಲೆಗೆ ಹಾಕಿ.

ಹೊಸದಾಗಿ ಸ್ವಂತ ಗುಂಪು ಕಟ್ಟಿದವರ ಬಗ್ಗೆ ಒಂದು ಮಾತು. ನಿಮ್ಮ ಅರವತ್ತರ ಪಟ್ಟಿಯಲ್ಲಿ ಅಂಥವರು ಯಾರೂ ಇದ್ದಂತೆ ಕಾಣಲಿಲ್ಲ, ಎಲ್ಲವೂ ದೊಡ್ಡ ಹೆಸರುಗಳೇ. ಹೊಸಬರಿಗೆ ಸಂಸ್ಥೆಯವರು ಆರಂಭದ ಹಣ ಕೊಟ್ಟಿರುತ್ತಾರೆ. ಅನುಭವಿ ಕೈಗಳು ಇನ್ನೂ ಸಿಕ್ಕಿರುವುದಿಲ್ಲ, ನಿಮ್ಮ ಇಮೇಲನ್ನು ಅವರೇ ಓದುತ್ತಾರೆ. ಅವರ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತೀರಿ. ಪ್ರಯೋಗಾಲಯವೊಂದನ್ನು ಶೂನ್ಯದಿಂದ ಕಟ್ಟುವುದು ಹೇಗೆಂದು ಕಣ್ಣಾರೆ ಕಾಣುತ್ತೀರಿ. ತೊಂದರೆಯೂ ಉಂಟು. ಅವರ ಶಿಫಾರಸು ಪತ್ರದ ತೂಕ ಕಡಿಮೆ, ಯಂತ್ರಗಳು ಬಂದು ಕೂರುವುದರಲ್ಲಿ ತಿಂಗಳುಗಳು ಹೋಗುತ್ತವೆ, ಅವರ ಸ್ವಂತ ಹುದ್ದೆ ಖಾಯಂ ಆಗುವ ಒತ್ತಡ ನಿಮ್ಮ ಮೇಲೂ ಬೀಳುತ್ತದೆ. ದೊಡ್ಡ ಗುಂಪಿನಲ್ಲಿ ಹೆಸರು ಸಿಗುತ್ತದೆ, ಮುಖ್ಯಸ್ಥರು ಸಿಗುವುದಿಲ್ಲ. ನಿಮ್ಮ ಗೈಡ್ ಹೆಸರುವಾಸಿಯಲ್ಲ ಎಂದಿರಿ. ಆ ಸ್ಥಿತಿಯಲ್ಲಿ ನಾನಾಗಿದ್ದರೆ ಗುಂಪು ಕಟ್ಟಿ ಎರಡು–ಮೂರು ವರ್ಷವಾದ, ಒಂದು ಒಳ್ಳೆಯ ಪೇಪರನ್ನು ಸ್ವಂತ ಬಲದಿಂದ ಹೊರತಂದ, ಹೊಸ ಅನುದಾನ ಗೆದ್ದವರನ್ನೇ ಮೊದಲು ಹುಡುಕುತ್ತಿದ್ದೆ.

ಜಾಹೀರಾತುಗಳನ್ನು ಬಿಟ್ಟೇಬಿಡಿ ಎನ್ನುತ್ತಿಲ್ಲ. ಯೂರೋಪಿನ ಹುದ್ದೆಗಳಿಗೆ ಯೂರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಎಸಿ ಯುಕೆ, ಎಲ್ಲೆಡೆಯದಕ್ಕೂ ನೇಚರ್ ಕರಿಯರ್ಸ್ ಮತ್ತು ಸೈನ್ಸ್ ಕರಿಯರ್ಸ್ ಇವೆ. ಪ್ರತಿದಿನ ತೆರೆದು ನೋಡುತ್ತ ಕೂರಬೇಡಿ, ನಿಮ್ಮ ಪದಗಳಿಗೆ ಎಚ್ಚರಿಕೆ ಸಂದೇಶ ಬರುವಂತೆ ಮಾಡಿಕೊಳ್ಳಿ. ನಿಮ್ಮ ಕ್ಷೇತ್ರದಲ್ಲಿ ಸಿಸಿಪಿ4 ಮತ್ತು 3ಡಿಇಎಂ ಎಂಬ ಇಮೇಲ್ ಬಳಗಗಳಲ್ಲಿ ತಾಂತ್ರಿಕ ಚರ್ಚೆಯ ನಡುವೆಯೇ ಹುದ್ದೆಗಳ ಸುದ್ದಿ ಬರುತ್ತದೆ, ಅಲ್ಲಿ ಹಾಕುವವರು ಸ್ವತಃ ಗುಂಪಿನ ಮುಖ್ಯಸ್ಥರು. ಬೇರೆ ವಿಷಯಗಳ ಓದುಗರಿಗಾಗಿ ಹೇಳುವುದಾದರೆ, ಗಣಿತದವರಿಗೆ ಅಮೆರಿಕನ್ ಗಣಿತ ಸಂಘದ ಮ್ಯಾಥ್‌ಜಾಬ್ಸ್, ಕಣ ಭೌತವಿಜ್ಞಾನಕ್ಕೆ ಇನ್‌ಸ್ಪೈರ್, ಖಗೋಳವಿಜ್ಞಾನಕ್ಕೆ ಅಮೆರಿಕನ್ ಖಗೋಳ ಸಂಘದ ಜಾಬ್ ರಿಜಿಸ್ಟರ್. ಈ ಕ್ಷೇತ್ರಗಳಲ್ಲಿ ಪಂಚಾಂಗವೇ ಇದೆ: ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ, ಹೊಸ ವರ್ಷದ ಆಸುಪಾಸಿನಲ್ಲಿ ಆಹ್ವಾನ. ಫೆಬ್ರುವರಿ 15ಕ್ಕೆ ಮೊದಲು ಉತ್ತರ ಕೊಡಿ ಎಂದು ಯಾರನ್ನೂ ಒತ್ತಾಯಿಸಬಾರದು ಎಂಬ ಒಪ್ಪಂದ ಖಗೋಳವಿಜ್ಞಾನದಲ್ಲಿದೆ. ಜೀವವಿಜ್ಞಾನಕ್ಕೆ ಅಂಥ ಶಿಸ್ತು ಇಲ್ಲ. ವರ್ಷದ ಯಾವ ದಿನವಾದರೂ ಹುದ್ದೆ ಹುಟ್ಟಬಹುದು. ಮುಕ್ತಾಯದ ದಿನ ದಾಟಿದರೂ ತಕ್ಕವರು ಸಿಗದೆ ತೆರೆದೇ ಇರಬಹುದು. ಅಂಥ ಕಡೆ ಒಂದು ಸಾಲಿನ ವಿಚಾರಣೆ ಕಳಿಸಿದರೆ ನಷ್ಟವೇನಿಲ್ಲ. ಇನ್ನು, ಅರ್ಜಿ ಶುಲ್ಕ ಕೇಳುವ, ‘ಪೋಸ್ಟ್‌ಡಾಕ್ ಕೊಡಿಸುತ್ತೇವೆ’ ಎನ್ನುವ ಮಧ್ಯವರ್ತಿಗಳಿಗೆ ಬಾಗಿಲು ತೆರೆಯಲೇ ಬೇಡಿ.

ಈಗ ಇಮೇಲು. ಪ್ರತಿ ಹೆಸರಿಗೂ ಅವರ ಇತ್ತೀಚಿನ ಎರಡು ಪೇಪರುಗಳನ್ನು ಪೂರ್ತಿ ಓದಿ, ವಿಶೇಷವಾಗಿ ಕೊನೆಯ ಚರ್ಚಾ ಭಾಗವನ್ನು. ‘ಇದನ್ನು ನಮ್ಮಿಂದ ಪತ್ತೆಹಚ್ಚಲಾಗಲಿಲ್ಲ’ ಎಂದು ಅವರು ಒಪ್ಪಿಕೊಳ್ಳುವ ಜಾಗವೊಂದು ಇದ್ದೇ ಇರುತ್ತದೆ. ನಿಮ್ಮ ಪತ್ರದ ಮೊದಲ ಸಾಲು ಅಲ್ಲಿಂದ ಹುಟ್ಟಬೇಕು. ನಿಮ್ಮದೇ ಕೆಲಸವನ್ನಿಟ್ಟುಕೊಂಡು ನಾನು ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆ (ಬೇರೆ ವಿಷಯದ ಓದುಗರಿಗೆ: ಒಳಮುಖ, ಹೊರಮುಖ ಎಂದರೆ ಪ್ರೋಟೀನು ಕೋಶದ ಒಳಕ್ಕೆ ಅಥವಾ ಹೊರಕ್ಕೆ ತೆರೆದಿರುವ ಸ್ಥಿತಿ, ನ್ಯಾನೋಬಾಡಿ ಎಂದರೆ ಪ್ರತಿಕಾಯದ ಪುಟ್ಟ ತುಂಡು, ಇಎಂಡಿಬಿ ಎಂದರೆ ಇಂಥ ನಕ್ಷೆಗಳ ಸಾರ್ವಜನಿಕ ಸಂಗ್ರಹ):

‘ನಿಮ್ಮ ಗುಂಪಿನ ಇತ್ತೀಚಿನ ಪೇಪರಿನಲ್ಲಿ ಸಾಗಣೆ ಪ್ರೋಟೀನಿನ ಒಳಮುಖ ಸ್ಥಿತಿಯ ರಚನೆ ಸ್ಪಷ್ಟವಾಗಿ ಸಿಕ್ಕಿದೆ, ಹೊರಮುಖ ಸ್ಥಿತಿ ಅಸ್ಥಿರವಾದ್ದರಿಂದ ಹಿಡಿಯಲಾಗಲಿಲ್ಲ ಎಂದು ಬರೆದಿದ್ದೀರಿ. ಇದೇ ಬಗೆಯ ತೊಡಕು ನನ್ನ ಪಿಎಚ್‌ಡಿ ಕೆಲಸದಲ್ಲೂ ಎದುರಾಗಿತ್ತು. ಹೊರಮುಖ ಸ್ಥಿತಿಗೆ ಮಾತ್ರ ಅಂಟಿಕೊಳ್ಳುವ ನ್ಯಾನೋಬಾಡಿಯನ್ನು ಆರಿಸಿ ಪ್ರೋಟೀನನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದೆ. ನಕ್ಷೆ ಇಎಂಡಿಬಿಯಲ್ಲಿದೆ, ಪೇಪರಿನ ಕೊಂಡಿ ಕೆಳಗಿದೆ. ನಿಮ್ಮ ಪ್ರೋಟೀನಿನ ಮೇಲೂ ಈ ದಾರಿಯನ್ನು ಪ್ರಯತ್ನಿಸಬಹುದು ಎಂಬುದು ನನ್ನ ಅಂದಾಜು. ನಾನು ಎಂಟು ತಿಂಗಳಲ್ಲಿ ಮಹಾಪ್ರಬಂಧ ಸಲ್ಲಿಸುತ್ತೇನೆ. ನಿಮ್ಮ ಗುಂಪಿನಲ್ಲಿ ಪೋಸ್ಟ್‌ಡಾಕ್ ಆಗಿ ಸೇರುವ, ಅಥವಾ ನಿಮ್ಮೊಂದಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವ ಸಾಧ್ಯತೆ ಕುರಿತು ಅರ್ಧ ಗಂಟೆ ಮಾತನಾಡಬಹುದೇ?’

ಇಷ್ಟೇ. ಹೊಗಳಿಕೆಯ ಒಂದು ಪದವೂ ಇಲ್ಲ, ಆದರೆ ಪೇಪರನ್ನು ಓದಿದ್ದೀರಿ ಎಂಬುದಕ್ಕಿಂತ ದೊಡ್ಡ ಗೌರವ ಸಂಶೋಧಕರಿಗೆ ಬೇರೆ ಬೇಕಿಲ್ಲ. ಅವರ ಸಮಸ್ಯೆ, ನಿಮ್ಮ ಕೈಯಲ್ಲಿರುವ ಕೌಶಲ, ಅದಕ್ಕೆ ಪುರಾವೆ, ನೀವು ಯಾವಾಗ ಬರಬಲ್ಲಿರಿ, ಏನು ಕೇಳುತ್ತಿದ್ದೀರಿ, ಐದೂ ಬಂದವು. ವಿಷಯದ ಸಾಲಿನಲ್ಲಿ ‘ಪೋಸ್ಟ್‌ಡಾಕ್ ಅರ್ಜಿ’ ಎಂದು ಹಾಕುವ ಬದಲು ‘ಹೊರಮುಖ ಸ್ಥಿತಿಗೆ ನ್ಯಾನೋಬಾಡಿ: ಪೋಸ್ಟ್‌ಡಾಕ್ ವಿಚಾರಣೆ’ ಎಂದು ಹಾಕಿ. ಎರಡು ಪುಟದ ಬಯೋಡೇಟಾವನ್ನು ಪಿಡಿಎಫ್ ಆಗಿ ಲಗತ್ತಿಸಿ. ಅಂಕಪಟ್ಟಿ, ಪ್ರಮಾಣಪತ್ರಗಳ ಗಂಟು ಬೇಡ, ಕೇಳಿದಾಗ ಕಳಿಸಿದರಾಯಿತು. ಹತ್ತು–ಹದಿನೈದು ದಿನ ಉತ್ತರ ಬರದಿದ್ದರೆ ಅದೇ ಇಮೇಲಿಗೆ ಪ್ರತಿಕ್ರಿಯೆಯಾಗಿ ಎರಡು ಸಾಲು ನೆನಪಿನ ಪತ್ರ ಹಾಕಿ. ಮೂರನೆಯದು ಬೇಡ. ಇಂಥ ಒಂದು ಪತ್ರಕ್ಕೆ ಒಂದು ದಿನವಿಡೀ ಹಿಡಿಯುತ್ತದೆ. ಅರವತ್ತು ಬರೆಯಲು ಸಾಧ್ಯವೇ ಇಲ್ಲ, ಹತ್ತು–ಹನ್ನೆರಡು ಸಾಕು.

ಪತ್ರಕ್ಕಿಂತಲೂ ಬೇಗ ಬಾಗಿಲು ತೆರೆಸುವುದು ಪರಿಚಯ. ‘ನನ್ನ ಗೈಡ್ ಹೆಸರುವಾಸಿಯಲ್ಲ’ ಎಂಬ ನಿಮ್ಮ ಕೊರಗು ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಜಗತ್ತಿಗೆಲ್ಲ ಗೊತ್ತಿರಬೇಕಿಲ್ಲ, ನಿಮ್ಮ ಹನ್ನೆರಡರ ಪಟ್ಟಿಯಲ್ಲಿ ಇಬ್ಬರಿಗೆ ಗೊತ್ತಿದ್ದರೆ ಆಯಿತು. ಪಟ್ಟಿಯನ್ನು ಅವರ ಮುಂದಿಟ್ಟು ‘ಇವರಲ್ಲಿ ನಿಮಗೆ ಯಾರು ಗೊತ್ತು?’ ಎಂದು ಕೇಳಿ. ಸಮ್ಮೇಳನದಲ್ಲಿ ಪೋಸ್ಟರ್ ಮುಂದೆ ನಿಂತು ನಿಮ್ಮೊಂದಿಗೆ ಹತ್ತು ನಿಮಿಷ ವಾದ ಮಾಡಿದವರು, ಸೂಕ್ಷ್ಮದರ್ಶಕ ಕೇಂದ್ರದಲ್ಲಿ ನಿಮಗೆ ಯಂತ್ರ ಹಚ್ಚಿಕೊಟ್ಟ ವಿಜ್ಞಾನಿ, ನಿಮ್ಮ ಪೇಪರಿನ ಸಹಲೇಖಕರು, ಇವರೆಲ್ಲ ನಿಮ್ಮ ಪರಿಚಯಗಳೇ. ಸಮ್ಮೇಳನಕ್ಕೆ ಹೋಗುವುದಿದ್ದರೆ ಅಲ್ಲಿಗೆ ಬರುವವರ ಪಟ್ಟಿ ನೋಡಿ ಎರಡು ವಾರ ಮೊದಲೇ ಬರೆಯಿರಿ: ‘ನನ್ನ ಪೋಸ್ಟರ್ ಇಂಥ ದಿನ ಇದೆ, ಕಾಲು ಗಂಟೆ ಬಿಡುವು ಮಾಡಿಕೊಳ್ಳಬಹುದೇ?’

ಶಿಫಾರಸು ಪತ್ರಗಳು ಸಾಮಾನ್ಯವಾಗಿ ಮೂರು ಬೇಕು. ಮೂರೂ ನಿಮ್ಮ ವಿಭಾಗದ ಮೊಗಸಾಲೆಯಿಂದಲೇ ಬಂದರೆ ಓದುವವರ ಕಣ್ಣಿಗೆ ಒಂದೇ ಪತ್ರದ ಮೂರು ಪ್ರತಿಗಳಂತೆ ಕಾಣುತ್ತವೆ. ಒಬ್ಬರಾದರೂ ಹೊರಗಿನವರಾಗಿರಲಿ. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಕಿರಿಯ ಸಹಯೋಗಿಯ ಪತ್ರ, ಹೆಸರಷ್ಟೇ ಗೊತ್ತಿರುವ ದೊಡ್ಡವರ ನಾಲ್ಕು ಸಾಲಿಗಿಂತ ಮೇಲು. ಕನಿಷ್ಠ ಮೂರು ವಾರ ಮೊದಲು ಕೇಳಿ. ಕೇಳುವಾಗ ‘ನನ್ನ ಬಗ್ಗೆ ಮನಸಾರೆ ಒಳ್ಳೆಯ ಪತ್ರ ಬರೆಯಲು ಸಾಧ್ಯವೇ?’ ಎಂದೇ ಕೇಳಿ, ಹಿಂಜರಿದರೆ ಬೇರೆಯವರತ್ತ ತಿರುಗಿ. ಒಪ್ಪಿದವರಿಗೆ ನಿಮ್ಮ ಬಯೋಡೇಟಾ, ಹುದ್ದೆಯ ವಿವರ ಮತ್ತು ನೀವು ಮಾಡಿದ ಮೂರು ನಿರ್ದಿಷ್ಟ ಕೆಲಸಗಳ ನೆನಪೋಲೆ ಕೊಡಿ. ಗೈಡ್ ಜೊತೆ ಸಂಬಂಧ ಕೆಟ್ಟಿದ್ದರೆ ಅವರ ಪತ್ರವಿಲ್ಲದಿರುವುದು ಎದ್ದು ಕಾಣುತ್ತದೆ, ನಿಜ. ಆಗ ಸಲಹಾ ಸಮಿತಿಯ ಹಿರಿಯರೊಬ್ಬರು ತಮ್ಮ ಪತ್ರದಲ್ಲಿ ಆ ವಿಷಯವನ್ನು ಒಂದೇ ಸಾಲಿನಲ್ಲಿ, ಯಾರನ್ನೂ ದೂರದೆ, ಹೇಳಿಬಿಡುವುದು ವಾಡಿಕೆ.

ಪರಿಶೀಲನೆಯಲ್ಲಿರುವ ನಿಮ್ಮ ಎರಡನೇ ಪೇಪರನ್ನು ಪ್ರಿಪ್ರಿಂಟ್ ಆಗಿ, ಅಂದರೆ ಪರಿಶೀಲನೆ ಮುಗಿಯುವ ಮೊದಲೇ ಎಲ್ಲರೂ ಓದುವಂತೆ, ಬಯೋಆರ್ಕೈವ್ ಜಾಲತಾಣಕ್ಕೆ ಹಾಕಲು ಸಹಲೇಖಕರು ಒಪ್ಪಿದರೆ ಇಂದೇ ಹಾಕಿ. ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಕೊಂಡಿ ಇದ್ದರೆ ಅದೇ ಪೇಪರು ಓದಲು ಸಿಗುತ್ತದೆ. ಭೌತವಿಜ್ಞಾನಿಗಳು 1991ರಿಂದ ಆರ್ಕೈವ್‌ನಲ್ಲಿ ಹೀಗೆ ಮಾಡುತ್ತ ಬಂದಿದ್ದಾರೆ. ಜೀವವಿಜ್ಞಾನಕ್ಕೆ ಬಯೋಆರ್ಕೈವ್ ಬಂದದ್ದು 2013ರಲ್ಲಿ. ನೀವು ಠೇವಣಿಯಿಟ್ಟ ರಚನೆಗಳ ಪಿಡಿಬಿ (ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹ) ಸಂಖ್ಯೆಗಳನ್ನೂ ಬಯೋಡೇಟಾದಲ್ಲಿ ಕೊಡಿ. ಒಬ್ಬ ರಚನಾ ಜೀವವಿಜ್ಞಾನಿ ನಕ್ಷೆಯನ್ನು ತೆರೆದು ನೋಡಿದರೆ ನಿಮ್ಮ ಕೈಚಳಕ ಎಂಥದೆಂದು ನಿಯತಕಾಲಿಕದ ಹೆಸರಿಗಿಂತ ಚೆನ್ನಾಗಿ ಅರಿಯುತ್ತಾರೆ.

ಫೆಲೋಶಿಪ್ ಪ್ರಶ್ನೆಗೆ ಬರೋಣ. ‘ಕಾಯುವುದು ಲೇಸೇ?’ ಎಂದು ಕೇಳಿದ್ದೀರಿ. ಕಾಯುವುದಲ್ಲ, ಎರಡನ್ನೂ ಒಟ್ಟಿಗೆ ನಡೆಸಬೇಕು. ಸ್ವಂತ ಫೆಲೋಶಿಪ್, ಅಂದರೆ ನಿಮ್ಮ ಹೆಸರಿಗೇ ಬರುವ ಸಂಶೋಧನಾ ಹಣ, ಇದ್ದರೆ ಯಾವ ಸಮಸ್ಯೆಯ ಮೇಲೆ ಕೆಲಸ ಮಾಡಬೇಕೆಂಬುದರಲ್ಲಿ ನಿಮ್ಮ ಮಾತು ನಡೆಯುತ್ತದೆ, ಮುಂದೆ ಅದು ಬಯೋಡೇಟಾದಲ್ಲೂ ಉಳಿಯುತ್ತದೆ. ಹಣವಿಲ್ಲ ಎನ್ನುವ ಪ್ರಾಧ್ಯಾಪಕರೊಂದಿಗೆ ಮಾತು ಮುಂದುವರಿಸಲೂ ಅದೊಂದು ದಾರಿ. ನಿಮಗೆ ‘ಸದ್ಯಕ್ಕೆ ಜಾಗವಿಲ್ಲ’ ಎಂದ ಆ ಇಬ್ಬರಿಗೆ ಮತ್ತೊಮ್ಮೆ ಬರೆದು, ‘ನಿಮ್ಮ ಬೆಂಬಲವಿದ್ದರೆ ನಾನೇ ಅರ್ಜಿ ಹಾಕುತ್ತೇನೆ’ ಎನ್ನಿ. ಆದರೆ ಯಾವ ದೊಡ್ಡ ಫೆಲೋಶಿಪ್ಪಿಗೂ ಆತಿಥೇಯ ಗುಂಪು ಮೊದಲೇ ಒಪ್ಪಿರಬೇಕು. ಒಳ್ಳೆಯ ಅರ್ಜಿಯನ್ನು ಇಬ್ಬರೂ ಸೇರಿ ತಿಂಗಳುಗಟ್ಟಲೆ ತಿದ್ದಿರುತ್ತಾರೆ. ಕೊನೆಯ ವಾರದಲ್ಲಿ ಹೋಗಿ ಸಹಿ ಕೇಳಿದರೆ ಸಹಿಯೇನೋ ಸಿಗಬಹುದು, ಫೆಲೋಶಿಪ್ ಸಿಗುವುದಿಲ್ಲ.

ಇಲ್ಲಿ ದಿನಾಂಕಗಳ ಲೆಕ್ಕ ಬಲು ಸೂಕ್ಷ್ಮ. ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೋವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ಪನ್ನೇ ತೆಗೆದುಕೊಳ್ಳಿ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಫಲಿತಾಂಶ ಮರುವರ್ಷ ಫೆಬ್ರುವರಿಯಲ್ಲಿ. ಕೊನೆಯ ದಿನದ ಹೊತ್ತಿಗೆ ಪಿಎಚ್‌ಡಿ ಮುಗಿದಿರಬೇಕು. ನೀವು ಸಲ್ಲಿಸುವುದು ಎಂಟು ತಿಂಗಳ ನಂತರ, ಮೌಖಿಕ ಪರೀಕ್ಷೆ ಅದಕ್ಕೂ ಆಚೆ. ಹಾಗಾಗಿ ಬರುವ ಸೆಪ್ಟೆಂಬರ್ ನಿಮಗೆ ದಕ್ಕುತ್ತದೋ ಅದರ ಮುಂದಿನದೋ ಎಂಬುದನ್ನು ಈಗಲೇ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಅದಕ್ಕಿಂತ ಹೆಚ್ಚು ಮಂದಿ ಎಡವುವುದು ವಲಸೆ ನಿಯಮದಲ್ಲಿ: ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸಿಸಿರಬಾರದು, ಮುಖ್ಯ ಕೆಲಸವನ್ನೂ ಮಾಡಿರಬಾರದು. ‘ಮೊದಲು ಪ್ರಾಧ್ಯಾಪಕರ ಹಣದಲ್ಲಿ ಸೇರಿಕೊಳ್ಳುತ್ತೇನೆ, ಆಮೇಲೆ ನಿಧಾನಕ್ಕೆ ಮೇರಿ ಕ್ಯೂರಿಗೆ ಅರ್ಜಿ ಹಾಕುತ್ತೇನೆ’ ಎಂದುಕೊಂಡವರು ಎರಡನೇ ವರ್ಷ ಎಚ್ಚೆತ್ತಾಗ ಅರ್ಹತೆ ಕೈಬಿಟ್ಟಿರುತ್ತದೆ. ಹಾಗೆ ಸೇರುವುದಾದರೆ ಮೊದಲ ವರ್ಷದೊಳಗೆ ಬರುವ ಸೆಪ್ಟೆಂಬರಿಗೇ ಅರ್ಜಿ ಹೋಗಬೇಕು.

ಜೀವವಿಜ್ಞಾನಕ್ಕೆ ಹಣ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂನ ಫೆಲೋಶಿಪ್ ನಿಮ್ಮಂಥವರಿಗೆ ಹೇಳಿಮಾಡಿಸಿದ್ದು, ಆದರೆ ಅದು ಪಿಎಚ್‌ಡಿ ಕೆಲಸದ ಮುಂದುವರಿಕೆಗೆ ಹಣ ಕೊಡುವುದಿಲ್ಲ. ಬೇರೆ ದೇಶಕ್ಕೆ ಹೋಗಬೇಕು, ಸಂಶೋಧನೆಯ ದಿಕ್ಕನ್ನೂ ಬದಲಿಸಬೇಕು. ಭೌತವಿಜ್ಞಾನ, ಗಣಿತ, ಎಂಜಿನಿಯರಿಂಗ್‌ಗಳಿಂದ ಜೀವವಿಜ್ಞಾನಕ್ಕೆ ಬರುವವರಿಗೆ ಅದರಲ್ಲೇ ಬೇರೊಂದು ವಿಭಾಗವಿದೆ. ಮೂರು ವರ್ಷದ ಬೆಂಬಲ. ಯೂರೋಪಿನ ಅಣು ಜೀವವಿಜ್ಞಾನ ಸಂಸ್ಥೆ ಎಂಬೋದ ಫೆಲೋಶಿಪ್ ಎರಡು ವರ್ಷದವರೆಗೆ, ಅದಕ್ಕೂ ದೇಶ ಬದಲಾಯಿಸಬೇಕು. ಜರ್ಮನಿಗೆ ಹೋಗುವವರಿಗೆ ಹಂಬೋಲ್ಟ್ ಫೌಂಡೇಶನ್ನಿನದು 6ರಿಂದ 24 ತಿಂಗಳು. ಜಪಾನಿಗೆ ಅಲ್ಲಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆ ಜೆಎಸ್‌ಪಿಎಸ್‌ನದು 12ರಿಂದ 24 ತಿಂಗಳು. ಪೋಸ್ಟ್‌ಡಾಕ್‌ನಿಂದ ಸ್ವಂತ ಗುಂಪಿಗೆ ದಾಟಲು ನೆರವಾಗುವ ಅಮೆರಿಕದ ಕೆ99/ಆರ್00 ಅನುದಾನಕ್ಕೆ ನೀವೀಗಲೇ ಅರ್ಜಿ ಹಾಕಬೇಕಿಲ್ಲ. ಆದರೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿದರೆ ಅದು ಸಾಮಾನ್ಯವಾಗಿ ಸಿಗದು ಎಂಬುದನ್ನು ಅಲ್ಲಿ ಕಾಲಿಟ್ಟ ದಿನವೇ ಬರೆದಿಟ್ಟುಕೊಳ್ಳಿ. ಬಹುಪಾಲು ಫೆಲೋಶಿಪ್‌ಗಳು ಪಿಎಚ್‌ಡಿ ಪಡೆದ ದಿನಾಂಕದಿಂದ ವರ್ಷ ಎಣಿಸುತ್ತವೆ. ಅದು ಪರೀಕ್ಷೆಯ ದಿನವೋ ಪ್ರಮಾಣಪತ್ರದ ಮೇಲಿನ ದಿನವೋ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ. ಹೆರಿಗೆ ರಜೆ, ಕಾಯಿಲೆಗಳಿಗೆ ವಿನಾಯಿತಿ ಇರುತ್ತದೆ, ಕೇಳಿ ಪಡೆಯಬೇಕು. ನಿಯಮಗಳು ಪ್ರತಿ ಕರೆಯಲ್ಲೂ ಸ್ವಲ್ಪ ಬದಲಾಗುವುದರಿಂದ ಆ ವರ್ಷದ ದಾಖಲೆಯನ್ನೇ ಓದಿ. ಹಿಂದಿನ ವರ್ಷ ಗೆದ್ದ ಗೆಳೆಯರ ಮಾತನ್ನು ನಂಬಿ ಕೂರಬೇಡಿ.

ಉತ್ತರ ಬಂದು ಸಂದರ್ಶನಕ್ಕೆ ಕರೆದರೆ ಎರಡು ಭಾಗ ಇರುತ್ತದೆ: ಮುಕ್ಕಾಲು ಗಂಟೆಯಷ್ಟು ನಿಮ್ಮ ಉಪನ್ಯಾಸ, ಆಮೇಲೆ ಗುಂಪಿನ ಸದಸ್ಯರೊಂದಿಗೆ ಒಬ್ಬೊಬ್ಬರಾಗಿ ಮಾತು. ಉಪನ್ಯಾಸಕ್ಕೆ ಎಲ್ಲರೂ ತಯಾರಾಗಿಯೇ ಹೋಗುತ್ತಾರೆ. ಒಂದು ಸೂಚನೆ ಮಾತ್ರ ಕೊಡುತ್ತೇನೆ: ಕೊನೆಯ ಎರಡು ಸ್ಲೈಡುಗಳು ಅವರ ಪ್ರಯೋಗಾಲಯದಲ್ಲಿ ನೀವು ಮಾಡಬಯಸುವ ಕೆಲಸದ ಬಗ್ಗೆ ಇರಲಿ. ಎರಡನೇ ಭಾಗದಲ್ಲಿ ಪರೀಕ್ಷೆ ನಡೆಸಬೇಕಾದವರು ನೀವು. ಈಗಿರುವ ಸದಸ್ಯರು ಮುಖ್ಯಸ್ಥರ ಬಗ್ಗೆ ಮನಬಿಚ್ಚಿ ಹೇಳಲಾರರು, ಬಿಟ್ಟು ಹೋದವರು ಹೇಳುತ್ತಾರೆ. ಗುಂಪಿನ ಹಳೆಯ ಸದಸ್ಯರ ಪಟ್ಟಿಯಿಂದ ಇಬ್ಬರನ್ನು ಹುಡುಕಿ ಫೋನಿನಲ್ಲಿ ಮಾತನಾಡಿಸಿ. ಬರಹದಲ್ಲಿ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ. ‘ಅವರು ಒಳ್ಳೆಯವರೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬಂದು ಮುಗಿಯುತ್ತದೆ. ‘ಪೇಪರಿನ ಕರಡು ಕೊಟ್ಟ ಮೇಲೆ ಅವರ ಮೇಜಿನ ಮೇಲೆ ಎಷ್ಟು ತಿಂಗಳು ಇತ್ತು?’, ‘ಹೊರಡುವಾಗ ಯಾವುದಾದರೂ ಯೋಜನೆಯನ್ನು ನಿಮ್ಮೊಂದಿಗೆ ಒಯ್ಯಲು ಬಿಟ್ಟರೇ?’, ‘ಒಂದೇ ಪ್ರಶ್ನೆಯ ಮೇಲೆ ಇಬ್ಬರನ್ನು ಪೈಪೋಟಿಗೆ ಬಿಡುತ್ತಾರೆಯೇ?’ ಎಂದು ಕೇಳಿ. ಮೂರನೆಯದಕ್ಕೆ ಫೋನಿನ ಆ ಕಡೆಯಿಂದ ಉತ್ತರ ತಡವಾದರೆ ಅರ್ಥಮಾಡಿಕೊಳ್ಳಿ. ಹಳೆಯ ಸದಸ್ಯರ ಪಟ್ಟಿಯನ್ನೇ ಹಾಕದ, ಐದು ವರ್ಷದಲ್ಲಿ ಪೋಸ್ಟ್‌ಡಾಕ್‌ಗಳ ಮೊದಲ ಲೇಖಕತ್ವದ ಪೇಪರು ಒಂದೂ ಬರದ ಗುಂಪು ಎಷ್ಟೇ ಹೆಸರು ಮಾಡಿದ್ದರೂ ನನಗೆ ಬೇಡ.

ವೀಸಾ ಬಗ್ಗೆ ಚಿಕ್ಕದಾಗಿ. ಆಹ್ವಾನ ಬಂದ ದಿನವೇ ಪ್ರಕ್ರಿಯೆ ಶುರುಮಾಡಿ. ಕೆಲವು ವಿಜ್ಞಾನ ವಿಷಯಗಳಿಗೆ ಬ್ರಿಟನ್ನಿನಲ್ಲಿ ಹಲವು ದೇಶದವರು ಎಟಿಎಎಸ್ ಅನುಮತಿಪತ್ರ ಮೊದಲೇ ಪಡೆಯಬೇಕಾಗುತ್ತದೆ. ಅಮೆರಿಕದ ಜೆ-1 (ವಿನಿಮಯ ಸಂದರ್ಶಕರ) ವೀಸಾದಲ್ಲಿ ಕೆಲವರಿಗೆ ಕೆಲಸ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತು ಅಂಟಿಕೊಳ್ಳುತ್ತದೆ. ಅದು ನಿಮಗೆ ಅನ್ವಯಿಸುತ್ತದೆಯೇ ಎಂದು ಸಹಿಗೆ ಮೊದಲೇ ಆತಿಥೇಯ ಸಂಸ್ಥೆಯ ಅಂತರರಾಷ್ಟ್ರೀಯ ಕಚೇರಿಯಲ್ಲಿ ಕೇಳಿ.

ಕೊನೆಯ ಪ್ರಶ್ನೆ, ಒಂದು ವರ್ಷದ ಹುದ್ದೆ. ಮೊದಲ ಕರಾರು ಒಂದು ವರ್ಷಕ್ಕೆ ಮಾತ್ರ ಇರುವುದು ಸಾಮಾನ್ಯ, ಅದನ್ನು ಕಂಡು ಗಾಬರಿಯಾಗಬೇಡಿ. ಆದರೆ ಒಂದು ವರ್ಷ ಎಂಬುದರ ಹಿಂದೆ ಎರಡು ಬೇರೆ ಬೇರೆ ಕಥೆಗಳಿರಬಹುದು. ಹಣ ಮೂರು ವರ್ಷಕ್ಕಿದ್ದು ಸಂಸ್ಥೆಯ ಪದ್ಧತಿಯಂತೆ ವರ್ಷಕ್ಕೊಮ್ಮೆ ನವೀಕರಿಸುವುದು ಒಂದು. ಅನುದಾನವೇ ಹನ್ನೊಂದು ತಿಂಗಳಲ್ಲಿ ಮುಗಿಯುವುದರಿಂದ ಉಳಿದ ಹಣವನ್ನು ಖರ್ಚು ಮಾಡಬೇಕಾಗಿರುವುದು ಇನ್ನೊಂದು. ‘ಈ ಹುದ್ದೆಗೆ ಹಣ ಯಾವ ಅನುದಾನದಿಂದ, ಯಾವ ದಿನಾಂಕದವರೆಗೆ?’ ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಅವಿನಯವೇನಿಲ್ಲ. ನಾಚಿಕೆಯಾದರೆ ಅದೇ ಕಾರ್ಡಿಸ್ ಅಥವಾ ರಿಪೋರ್ಟರಿನಲ್ಲಿ ನೋಡಿ ತಿಳಿದುಕೊಳ್ಳಿ. ಜರ್ಮನಿಯಲ್ಲಾದರೆ ವಿಶ್ವವಿದ್ಯಾಲಯಗಳ ತಾತ್ಕಾಲಿಕ ಕರಾರುಗಳಿಗೆ ಪಿಎಚ್‌ಡಿ ನಂತರ ಸಾಮಾನ್ಯವಾಗಿ 6 ವರ್ಷದ ಮಿತಿಯಿದೆ. ಅಲ್ಲಿ ವ್ಯರ್ಥವಾದ ಒಂದು ವರ್ಷ ಆ ಆರರಲ್ಲಿ ಒಂದು.

ನಿಮ್ಮ ಕೆಲಸದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೊರೆಯ ಹೊಸ ಪ್ರೋಟೀನೊಂದನ್ನು ಕೋಶಗಳಲ್ಲಿ ಬೆಳೆಸಿ, ಸರಿಯಾದ ಡಿಟರ್ಜೆಂಟ್ ಹುಡುಕಿ, ಶುದ್ಧೀಕರಿಸಿ, ಗ್ರಿಡ್ಡಿನ (ಸೂಕ್ಷ್ಮದರ್ಶಕದೊಳಗೆ ಮಾದರಿ ಇಡುವ ಪುಟ್ಟ ಜಾಲರಿ) ಮೇಲೆ ಕಣಗಳು ಚೆನ್ನಾಗಿ ಹರಡುವಂತೆ ಮಾಡುವಷ್ಟರಲ್ಲೇ ವರ್ಷ ಮುಗಿದುಹೋಗಬಹುದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಒಂದು ವರ್ಷಕ್ಕೆ ಕರೆದವರನ್ನು ‘ಮಾದರಿ ಯಾವ ಹಂತದಲ್ಲಿದೆ, ಗ್ರಿಡ್ಡಿನ ಚಿತ್ರ ತೋರಿಸಬಹುದೇ?’ ಎಂದು ಕೇಳಿ. ಒಳ್ಳೆಯ ಚಿತ್ರಗಳಿವೆ, ದತ್ತಾಂಶ ಸಂಗ್ರಹಕ್ಕೆ ಸೂಕ್ಷ್ಮದರ್ಶಕದ ಸಮಯವೂ ನಿಗದಿಯಾಗಿದೆ ಎಂದಾದರೆ ಒಂದು ವರ್ಷದಲ್ಲಿ ಪೇಪರು ಸಾಧ್ಯ, ಒಪ್ಪಿಕೊಳ್ಳಿ. ಪ್ರೋಟೀನು ಇನ್ನೂ ಪ್ಲಾಸ್ಮಿಡ್ಡಿನ ರೂಪದಲ್ಲಿ, ಅಂದರೆ ಬರೀ ಡಿಎನ್‌ಎ ಹಂತದಲ್ಲಿ, ಇದೆ ಎಂದಾದರೆ ಎರಡನೇ ವರ್ಷದ ಮಾತನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಬೇಡಿ.